ಹತ್ತು ಸಾವಿರ ಗಂಟೆ

ಗಂಟೆಮಾವ ಗಂಟೆಗಳ ನಾಲಗೆಗೆ ಬಟ್ಟೆ ಸುತ್ತುತ್ತಿದ್ದ. ಒಂದೊಂದೇ ಗಂಟೆಯನ್ನು ಎರಡು ಕೈಯಲ್ಲಿ ಎತ್ತಿ, ಮಗುವಿನಂತೆ ತೊಡೆಯ ಮೇಲೆ ಮಲಗಿಸಿ, ಒಳಗಿನ ನಾಲಗೆಗೆ ಹಳೆ ಬಟ್ಟೆಯ ಚೂರು ಬಿಗಿದು, ಆಮೇಲೆ ಮೈಗೆ ಬೂದಿ ಹಚ್ಚಿ ಉಜ್ಜುತ್ತಿದ್ದ. ಎದುರಿಗೆ ಕೂತ ಹೆಂಡತಿ ಅದನ್ನು ಒರೆಸಿ ಹಲಗೆಯ ಮೇಲೆ ಇಡುತ್ತಿದ್ದಳು. ಒಂದಕ್ಕೊಂದು ತಾಗೀತೆಂದು ಇಬ್ಬರೂ ಉಸಿರು ಬಿಗಿಹಿಡಿದಿದ್ದರು. ಒಳಕೋಣೆಯಲ್ಲಿ ಹೆಂಡತಿಯ ಅಣ್ಣ ಊಟ ಮುಗಿಸಿ ಮಲಗಿದ್ದ. ಗಂಟೆ ಮಾಡುವವನ ಮನೆಗೆ ಬಂದು ಗಂಟೆಯ ಸದ್ದಿಗೆ ಸಿಟ್ಟಾಗುವ ನೆಂಟ ಲೋಕದಲ್ಲಿ ಅವನೊಬ್ಬನೇ ಇರಬೇಕು. ಆದರೆ ಇದ್ದನಲ್ಲ, ಮಾಡುವುದೇನು?

ಈ ಭಾವ ಸುಮ್ಮನೆ ಬಂದವನಲ್ಲ. ಊರಾಚೆ ಅವನದೊಂದು ಕೋಲ್ಡ್ ಸ್ಟೋರೇಜ್ ಇತ್ತು. ಅಲ್ಲಿನ ಗೇಟು ಕಾಯುವವನು ಬಿಟ್ಟುಹೋಗಿದ್ದ. ಇತ್ತ ಶಾಲೆಗಳಿಗೆಲ್ಲ ವಿದ್ಯುತ್ ಗಂಟೆ ಬಂದು, ದೋಣಿಗಳಿಗೆ ಹಾರ್ನ್ ಬಂದು, ತಂಗಿಯ ಗಂಡನ ಕುಲುಮೆ ತಿಂಗಳಿಗೊಮ್ಮೆ ಉರಿದರೆ ಹೆಚ್ಚು ಎಂಬಂತಾಗಿತ್ತು. ಎರಡನ್ನೂ ಸೇರಿಸಿ ನೋಡಿದ ಭಾವ ತನ್ನ ತೀರ್ಪನ್ನು ಊಟಕ್ಕೆ ಕೂತಾಗಲೇ ಹೇಳಿಬಿಟ್ಟಿದ್ದ.

"ಬರೋ ಒಂದನೇ ತಾರೀಖಿನ ಒಳಗೆ ಒಂದು ದೊಡ್ಡ ಆರ್ಡರ್ ತೋರಿಸಯ್ಯಾ, ನಾನು ಬಾಯಿ ಮುಚ್ಕೋತೀನಿ. ಇಲ್ಲಾಂದ್ರೆ ಕುಲುಮೆಗೆ ನೀರು ಸುರಿದು ಬಂದು ಗೇಟಲ್ಲಿ ಕೂತ್ಕೋ. ಕೆಲಸ ಏನಿಲ್ಲ. ಗಾಡಿ ಬಂದಾಗ ಬಜರ್ ಒತ್ತೋದು, ಅಷ್ಟೆ."

ಮೂವತ್ತು ವರ್ಷ ಕಂಚು ಕರಗಿಸಿದ ಮನುಷ್ಯನಿಗೆ ಬಜರ್ ಎಂಬ ಮಾತು ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ನುಂಗಲೂ ಆಗದೆ ಉಗುಳಲೂ ಆಗದೆ ಅವನು ಗಂಟೆ ಉಜ್ಜುತ್ತ ಕೂತಿದ್ದಾಗಲೇ ಅಂಚೆಯವನು ಬಾಗಿಲಿಗೆ ಬಂದ. ಹೆಂಡತಿ ತುಟಿಯ ಮೇಲೆ ಬೆರಳಿಟ್ಟಳು. ಅಂಚೆಯವನೂ ಬೆಕ್ಕಿನ ಹೆಜ್ಜೆಯಲ್ಲಿ ಬಂದು, ಮೊಹರು ಒತ್ತಿದ ಉದ್ದನೆಯ ಲಕೋಟೆಯನ್ನು ಸನ್ನೆಯಲ್ಲೇ ಕೊಟ್ಟು, ಸನ್ನೆಯಲ್ಲೇ ಸಹಿ ಹಾಕಿಸಿಕೊಂಡು ಹೋದ.

ಈ ಲಕೋಟೆಗೆ ಒಂದು ಹಿನ್ನೆಲೆ ಇದೆ. ಮೂರು ತಿಂಗಳ ಹಿಂದೆ ರಾಷ್ಟ್ರೀಯ ಮಹಾಗಣಕ ಕೇಂದ್ರ ಎಂಬ ಕಚೇರಿಯಿಂದ ಬೀದಿಯ ಸಣ್ಣ ಕಾರ್ಖಾನೆಗಳಿಗೆಲ್ಲ ಒಂದು ಅರ್ಜಿ ಬಂದಿತ್ತು. ಎದುರುಮನೆಯ ಬೀಗದವನು ಕನ್ನಡಕ ಹಾಕಿಕೊಂಡು, ನಾಲ್ಕು ಜನಕ್ಕೆ ಕಾಣುವಂತೆ ಜಗಲಿಯಲ್ಲಿ ಕೂತು ಅದನ್ನು ತುಂಬಿದ. ಅವನು ತುಂಬಿದ ಮೇಲೆ ಗಂಟೆಮಾವ ಬಿಡುವುದುಂಟೇ? ಅವನೂ ಕನ್ನಡಕ ಹಾಕಿದ. ಆ ಅರ್ಜಿಯನ್ನು ನೋಡಿ ಅವನಿಗೆ ಸಂತೋಷವೇ ಆಯಿತು, ಏಕೆಂದರೆ ಅದರ ತುಂಬ ಗಂಟೆಯದೇ ಮಾತು. 'ಈ ಹಿಂದೆ ಬಳಸಿದ ಗಂಟೆಗಳು' ಎಂಬಲ್ಲಿ ಅವನು 'ಬಳಸುವವರು ಬೇರೆ, ನಾನು ಮಾಡುವವನು' ಎಂದು ಬರೆದ. 'ಬೇಕಾಗುವ ಗಂಟೆಗಳು' ಎಂಬಲ್ಲಿ 'ತಮಗೆ ಎಷ್ಟು ಬೇಕೋ ಅಷ್ಟು' ಎಂದು ಬರೆದ. 'ತಮ್ಮ ಉದ್ಯಮದ ಸಮಸ್ಯೆ' ಎಂಬ ಕಡೆಯ ಸಾಲಿನಲ್ಲಿ ಮಾತ್ರ ಬಹಳ ಹೊತ್ತು ತಡೆದು, ಯಾರಿಗೂ ಹೇಳಿರದ ಒಂದು ಮಾತನ್ನು ಬರೆದ: 'ನನ್ನ ಗಂಟೆಯಲ್ಲಿ ಎರಡು ದನಿ ಬರುತ್ತದೆ. ಅವು ಒಂದರ ಜೊತೆ ಒಂದು ಜಗಳವಾಡುತ್ತವೆ. ಏಕೆಂದು ಮೂವತ್ತು ವರ್ಷವಾದರೂ ತಿಳಿಯಲಿಲ್ಲ.' ಪಕ್ಕದಲ್ಲಿ ತಾನು ಎರೆಯುವ ಅತಿ ದೊಡ್ಡ ಗಂಟೆಯ ಚಿತ್ರ ಬರೆದು ಅಳತೆಗಳನ್ನೂ ಹಾಕಿದ.

ಈಗ ಅದರ ಉತ್ತರ ಬಂದಿತ್ತು. ಪತ್ರದ ಭಾಷೆ ದೊಡ್ಡದಾದ್ದರಿಂದ ಪಕ್ಕದ ಮನೆಯ ಮೇಷ್ಟ್ರನ್ನು ಕರೆಸಿದರು. ಮೇಷ್ಟ್ರು ನಿವೃತ್ತರಾದ ಮೇಲೆ ಬೀದಿಗೆ ಬಂದ ಸರ್ಕಾರಿ ಕಾಗದಗಳನ್ನೆಲ್ಲ ಅವರೇ ಓದುತ್ತಿದ್ದರು. ಅರ್ಥವಾಗದ ಕಡೆ ಇನ್ನೂ ಗಟ್ಟಿಯಾಗಿ ಓದುವುದು ಅವರ ಪದ್ಧತಿ.

"ತಮ್ಮ ಅರ್ಜಿಯನ್ನು ಪರಿಶೀಲಿಸಿ ತಮಗೆ ಹತ್ತು ಸಾವಿರ ಕೋರ್ ಗಂಟೆಗಳನ್ನು ಮಂಜೂರು ಮಾಡಲಾಗಿದೆ. ಗಂಟೆಗಳನ್ನು ಆರು ತಿಂಗಳೊಳಗೆ ಬಳಸತಕ್ಕದ್ದು. ಗಂಟೆಗಳನ್ನು ಅನ್ಯರಿಗೆ ವರ್ಗಾಯಿಸುವಂತಿಲ್ಲ. ಹಗಲಿನ ಗಂಟೆಗಳಿಗೆ ಬೇಡಿಕೆ ಹೆಚ್ಚು, ರಾತ್ರಿಯ ಗಂಟೆಗಳಿಗೆ ಕಡಿಮೆ ಎಂಬುದನ್ನು ಗಮನಿಸುವುದು."

ಕೊನೆಗೆ ಬರುವ ಹೊತ್ತಿಗೆ ಮೇಷ್ಟ್ರ ಗಂಟಲು ಎಷ್ಟು ಏರಿತ್ತೆಂದರೆ ಒಳಗೆ ಮಲಗಿದ್ದ ಭಾವ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದ.

ಗಂಟೆಮಾವನಿಗೆ ಯಾವ ಅನುಮಾನವೂ ಇರಲಿಲ್ಲ. ಗಂಟೆ ಎರೆಯುವಾಗ ಒಳಗೆ ಟೊಳ್ಳು ಬರಲೆಂದು ಇಡುವ ಮಣ್ಣಿನ ಅಚ್ಚಿಗೆ ಎರಕದವರೆಲ್ಲ ಕೋರ್ ಎಂದೇ ಹೇಳುವುದು. ಕೋರ್ ಇಡದೆ ಎರೆದರೆ ಅದು ಗಂಟೆಯಲ್ಲ, ಕಂಚಿನ ಗುಂಡು. ಆ ಕಚೇರಿಯಲ್ಲಿ ಕೆಲಸ ಬಲ್ಲವರು ಯಾರೋ ಇದ್ದಾರೆ ಎಂದು ಅವನು ತಲೆದೂಗಿದ. ಭಾವ ಮಾತ್ರ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಬೇಕು ಅಂತ ಎಲ್ಲೂ ಬರೆದಿಲ್ಲವಲ್ಲ ಎಂದು ತಕರಾರು ತೆಗೆದ. ಸರ್ಕಾರ ಯಾವತ್ತಾದರೂ ಬೇಕು ಅಂದಿದ್ದುಂಟೇ, ಅದು ಮಂಜೂರು ಅನ್ನುತ್ತದೆ, ನಾವು ಅರ್ಥ ಮಾಡಿಕೊಳ್ಳಬೇಕು ಎಂದರು ಮೇಷ್ಟ್ರು. ಮಹಾಗಣಕವೆಂದರೆ ದೊಡ್ಡ ದೊಡ್ಡ ಲೆಕ್ಕ ಮಾಡುವ ಜಾಗ. ಒಂದೊಂದು ಲೆಕ್ಕ ಮುಗಿದಾಗಲೂ ಎಲ್ಲರಿಗೂ ಗೊತ್ತಾಗುವಂತೆ ಗಂಟೆ ಹೊಡೆಯಬೇಡವೇ? ಇದು ಎಲ್ಲರಿಗೂ ಒಪ್ಪಿಗೆಯಾಯಿತು.

ಭಾವ ಬಾಯಿ ಮುಚ್ಚಿಕೊಂಡ. ಮತ್ತೆ ತೆರೆದಾಗ 'ಏನಯ್ಯಾ' ಹೋಗಿ 'ಭಾವನವರೇ' ಬಂದಿತ್ತು.

"ಭಾವನವರೇ, ಹತ್ತು ಸಾವಿರ ಗಂಟೆ ಸಾಗಿಸೋದು ಸುಮ್ಮನೆ ಅಲ್ಲ. ನನ್ನ ವ್ಯಾನಿದೆ."

"ಸಾಗಿಸೋದು ಆಮೇಲಾಯ್ತು, ಅಣ್ಣ," ಎಂದಳು ಅವನ ತಂಗಿ. "ನಾಲಗೆಗೆ ಸುತ್ತೋಕೆ ಹತ್ತು ಸಾವಿರ ಬಟ್ಟೆ ಚೂರು ಯಾರು ಹರೀತಾರೆ? ನೀನು ಹರೀತೀಯಾ?"

ಭಾವ ಹರಿದ. ಅವನೊಬ್ಬನೇ ಅಲ್ಲ, ಬೀದಿಗೆ ಬೀದಿಯೇ ಹರಿಯಿತು. ಮಾರನೆಯ ದಿನದಿಂದ ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಜಗಲಿಗಳಲ್ಲಿ ಹೆಂಗಸರು ಹಳೆ ಅಂಗಿ, ದಿಂಬಿನ ಚೀಲ, ಕಿಟಕಿಯ ಪರದೆ ಎಲ್ಲ ತಂದು ಕೂರುತ್ತಿದ್ದರು. ದರ್ಜಿ ತನ್ನ ಅಂಗಡಿಯ ಚಿಂದಿಯ ಮೂಟೆಯನ್ನೇ ಉರುಳಿಸಿ ಹೋದ. ಬೀಗದವನೂ ಬಂದು, ತನ್ನ ಅರ್ಜಿ ತಿರಸ್ಕಾರವಾದದ್ದು ತನಗೆ ಅದರ ಮೇಲೆ ಆಸೆಯಿಲ್ಲದ ಕಾರಣದಿಂದ ಎಂದು ಎಲ್ಲರಿಗೂ ತಿಳಿಸಿ, ಒಂದು ಹರಿದ ಪಂಚೆ ಕೊಟ್ಟ. ಬಟ್ಟೆ ಹರಿಯುವ ಪರ್ ಪರ್ ಸದ್ದಿನ ನಡುವೆ ಜನ ಮೆಲ್ಲಗೆ ಮಾತಾಡುತ್ತಿದ್ದರು. ಹತ್ತು ಸಾವಿರ ಗಂಟೆ ಒಟ್ಟಿಗೆ ನುಡಿದರೆ ಹೇಗಿರುತ್ತದೆ? ಹಕ್ಕಿಗಳು ಗೂಡು ಬಿಟ್ಟು ಹೋಗುತ್ತವೆ ಎಂದ ದರ್ಜಿ. ಇಲ್ಲ, ಆಕಾಶಕ್ಕೆ ಸ್ವಲ್ಪ ಬಿಸಿ ತಾಗಿದ ಹಾಗೆ ಅನಿಸಬಹುದು ಎಂದರು ಮೇಷ್ಟ್ರು. ಹೇಳಿ ಅವರೇ ನಾಚಿಕೊಂಡರು. ರಾತ್ರಿಯ ಗಂಟೆಗೂ ಹಗಲಿನ ಗಂಟೆಗೂ ಏನು ವ್ಯತ್ಯಾಸವೆಂದು ಯಾರೋ ಕೇಳಿದ್ದಕ್ಕೆ ಗಂಟೆಮಾವ, ರಾತ್ರಿಯದು ತುಟಿ ತೆಳುವಾಗಿರಬೇಕು, ಮಲಗಿದವರನ್ನು ಎಬ್ಬಿಸದೆ ಎದ್ದವರಿಗೆ ಮಾತ್ರ ಕೇಳಿಸಬೇಕು ಎಂದ. ಅಂಥದ್ದನ್ನು ಅವನು ಎಂದೂ ಮಾಡಿರಲಿಲ್ಲ. ಆದರೆ ಹೇಳಿದ ಮೇಲೆ ಅವನಿಗೇ ಅದು ಬೇಕು ಎನಿಸಿತು.

ಹತ್ತನೆಯ ದಿನ, ಮನೆಯಲ್ಲಿ ಸಿದ್ಧವಿದ್ದ ಗಂಟೆಗಳನ್ನೆಲ್ಲ ಮೊದಲ ಕಂತೆಂದು ಭಾವನ ವ್ಯಾನಿಗೆ ಏರಿಸಿದರು. ಭಾವ ತಾನೇ ಓಡಿಸಿದ. ಮೇಷ್ಟ್ರು ಪತ್ರ ಹಿಡಿದು ಪಕ್ಕದಲ್ಲಿ ಕೂತರು. ಗಂಟೆಮಾವ ಹಿಂದೆ, ತರಕಾರಿಯ ತಣ್ಣನೆ ವಾಸನೆಯಲ್ಲಿ, ತನ್ನ ಗಂಟೆಗಳನ್ನು ತಬ್ಬಿಕೊಂಡು ಕೂತ.

ಕೇಂದ್ರದ ಬಾಗಿಲಲ್ಲಿ ಕಾವಲಿನವನು ದೊಡ್ಡ ಪುಸ್ತಕ ತೆರೆದು, ಒಳಗೆ ಏನು ಒಯ್ಯುತ್ತೀರಿ ಎಂದು ಕೇಳಿ, ಗಂಟೆ ಎಂದು ಬರೆದುಕೊಂಡ. ಆಮೇಲೆ ಮುಂದಿನ ಕಾಲಂ ನೋಡಿ, ತಲೆ ಎತ್ತದೆ ಕೇಳಿದ:

"ಎಷ್ಟು ಗಂಟೆ?"

"ಹನ್ನೊಂದು."

ಕಾವಲಿನವನು ಕೈಗಡಿಯಾರ ನೋಡಿಕೊಂಡ. "ಹತ್ತೂವರೆ ಅಲ್ವಾ?"

"ಇಲ್ಲ, ಹನ್ನೊಂದೇ. ನಾನೇ ಎಣಿಸಿ ಹತ್ತಿಸಿದ್ದೀನಿ."

ಆ ದನಿಯಲ್ಲಿದ್ದ ಖಚಿತತೆಗೆ ಕಾವಲಿನವನು ಸೋತು, ಗಡಿಯಾರದ ಮುಳ್ಳನ್ನು ಹನ್ನೊಂದಕ್ಕೆ ತಿರುಗಿಸಿ ಅವರನ್ನು ಒಳಗೆ ಬಿಟ್ಟ.

ಒಳಗೆ, ಅರ್ಜಿದಾರರಿಗೆ ನೆರವಾಗುವ ಮೇಜಿನ ಹಿಂದೆ ಒಬ್ಬಳು ಹೆಣ್ಣುಮಗಳಿದ್ದಳು. ಗಂಟೆಮಾವನ ಪತ್ರ ನೋಡಿದ್ದೇ ಅವಳ ಮುಖ ಅರಳಿತು. ನಿಮ್ಮ ಅರ್ಜಿ ಓದಿ ಸಮಿತಿಯವರು ಮೊದಲು ನಕ್ಕರು, ಕಡೆಯ ಸಾಲು ಓದಿ ಸುಮ್ಮನಾದರು, ಆಮೇಲೆ ಎಲ್ಲರೂ ಒಟ್ಟಿಗೆ ಕೈ ಎತ್ತಿದರು ಎಂದು ಹೇಳಿದಳು. ಗಂಟೆಮಾವನಿಗೆ ಎಲ್ಲಿ ನಗು ಬಂತೆಂದು ತಿಳಿಯಲಿಲ್ಲ. ಆದರೂ ಗಂಟೆ ತಂದಿದ್ದೇನೆ, ಎಲ್ಲಿ ಇಳಿಸಲಿ ಎಂದ.

"ಗಂಟೆ ನೀವು ತರೋದಲ್ಲ ಸರ್. ಅದನ್ನ ನಾವು ಕೊಡೋದು."

"ನೀವೂ ಎರೀತೀರಾ?" ಗಂಟೆಮಾವನಿಗೆ ಸ್ವಲ್ಪ ಗಾಬರಿಯಾಯಿತು. "ಕೋರ್ ಎಲ್ಲ ಇದೆಯಾ ನಿಮ್ಮ ಹತ್ರ?"

"ನಲವತ್ತು ಸಾವಿರ ಇದೆ."

"ನಲವತ್ತು ಸಾವಿರಾನಾ? ಅಷ್ಟೊಂದಕ್ಕೆ ಮಣ್ಣು ಎಲ್ಲಿಂದ ತರಿಸ್ತೀರಿ?"

ಅವಳು ಯೋಚಿಸಿದಳು. ಪ್ರಶ್ನೆ ವಿಚಿತ್ರವಾಗಿದ್ದರೂ ತಪ್ಪಾಗಿರಲಿಲ್ಲ. "ಮಣ್ಣಲ್ಲ ಸರ್. ನಮ್ಮ ಕೋರ್ ಮಾಡೋದು ಒಂಥರಾ ಮರಳಿನಿಂದ."

"ಮರಳಿನ ಕೋರ್ ಒಳ್ಳೇದೇ," ಎಂದು ಗಂಟೆಮಾವ ಒಪ್ಪಿಕೊಂಡ. "ಬೇಗ ಆರುತ್ತೆ."

ಈ ಸಂಭಾಷಣೆ ಹೀಗೆಯೇ ಇನ್ನೂ ಎಷ್ಟು ದೂರ ಹೋಗುತ್ತಿತ್ತೋ. ಭಾವನಿಗೆ ತಾಳ್ಮೆ ಕಡಿಮೆ. ಮಾತಿನಲ್ಲಿ ಏನಿದೆ, ಮಾಲು ತೋರಿಸೋಣ ಎಂದು ಅವನು ಹೋಗಿ ಒಂದು ಗಂಟೆಯನ್ನು ಹೊತ್ತು ತಂದು, ಬಟ್ಟೆ ಬಿಚ್ಚಿ, ಆ ನುಣುಪಾದ ಹಜಾರದ ನಡುವೆ ನಿಂತು ಬಾರಿಸಿದ. ನಾಲ್ಕೂ ಕಡೆಯ ಬಾಗಿಲುಗಳು ತೆರೆದುಕೊಂಡವು. ಯಾವ ಯಾವುದೋ ಕೋಣೆಗಳಿಂದ ವಿಜ್ಞಾನಿಗಳು ಊಟದ ಡಬ್ಬಿ ಹಿಡಿದು ಹೊರಬಂದರು. ಆ ಹೆಣ್ಣುಮಗಳು ಭಾವನ ಕೈಯಲ್ಲಿದ್ದ ಗಂಟೆಯನ್ನು ನೋಡಿದಳು, ಗೋಡೆಯ ಗಡಿಯಾರವನ್ನು ನೋಡಿದಳು, ಮತ್ತೆ ಗಂಟೆಯನ್ನು ನೋಡಿದಳು. ಆಮೇಲೆ ಎದ್ದು ಬಂದು ಗಂಟೆಮಾವನಿಗೆ ಕುರ್ಚಿ ಎಳೆದು ಕೊಟ್ಟಳು.

ಅವಳು ಬಹಳ ನಿಧಾನವಾಗಿ ಹೇಳಿದಳು. ಗಾಜಿನಾಚೆ ಇರುವುದು ಸೂಪರ್ ಕಂಪ್ಯೂಟರ್. ಕೋರ್ ಎಂದರೆ ಅದರೊಳಗೆ ಲೆಕ್ಕ ಮಾಡುವ ಒಂದೊಂದು ಪುಟ್ಟ ತಲೆ. ಒಂದು ತಲೆ ಒಂದು ಗಂಟೆ ಹೊತ್ತು ಕೆಲಸ ಮಾಡಿದರೆ ಒಂದು ಕೋರ್ ಗಂಟೆ. ಗಂಟೆಯೆಂದರೆ, ಎಂದು ಅವಳು ಗಡಿಯಾರದ ಕಡೆ ಕೈ ತೋರಿಸಿದಳು, ಆ ಗಂಟೆ.

ಮೇಷ್ಟ್ರು ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಅವರ ಕಿವಿ ಕೆಂಪಾಗಿತ್ತು. ಭಾವ ಕೈಯಲ್ಲಿದ್ದ ಗಂಟೆಯನ್ನು ನೆಲಕ್ಕೆ ಇಳಿಸಿ, "ಬಟ್ಟೆ ಹರಿದಿದ್ದೀನಿ ನಾನು," ಎಂದ. "ಹತ್ತು ದಿನ ಕೂತು ಬಟ್ಟೆ ಹರಿದಿದ್ದೀನಿ."

ಗಂಟೆಮಾವ ನೆಲದ ಮೇಲಿದ್ದ ಗಂಟೆಯ ನಾಲಗೆಗೆ ಮತ್ತೆ ಬಟ್ಟೆ ಸುತ್ತಿದ. ಆಮೇಲೆ, ಹಾಗಾದರೆ ಆ ಹೊತ್ತು ನನ್ನದೇ ತಾನೇ ಎಂದು ಕೇಳಿದ. ನಿಮ್ಮದೇ, ನಿಮ್ಮ ಗಂಟೆಯ ಚಿತ್ರ ನೋಡಿ ನಾನು ಎಲ್ಲ ಸಿದ್ಧ ಮಾಡಿ ಇಟ್ಟಿದ್ದೇನೆ, ನಿಮ್ಮ ಕಂಚಿನಲ್ಲಿ ತವರ ಎಷ್ಟು ಅನ್ನುವುದೊಂದು ಬೇಕಿತ್ತು ಎಂದಳು ಅವಳು. ಅವನು ಹೇಳಿದ. ಅವಳು ಬರೆದುಕೊಂಡು, ನಿಮ್ಮ ಗಂಟೆಯನ್ನು ಅಲ್ಲಲ್ಲಿ ಚೂರು ದಪ್ಪ ಚೂರು ತೆಳು ಮಾಡುತ್ತ ನಾಲ್ಕು ಸಾವಿರ ಥರ ಎರೆದು ಬಾರಿಸಿ ನೋಡಲು ಯಂತ್ರಕ್ಕೆ ಹೇಳುತ್ತೇನೆ ಎಂದಳು.

"ಆದರೆ ಸರದಿ ಇದೆ ಸರ್. ನಿಮ್ಮ ಮುಂದೆ ಒಂದು ವಿಮಾನದ ರೆಕ್ಕೆ ಇದೆ, ಒಂದು ಔಷಧಿ ಇದೆ, ಒಂದು ಚಂಡಮಾರುತ ಇದೆ."

"ಚಂಡಮಾರುತ ನಿಧಾನವಾಗಿಯೇ ಮುಗೀಲಿ ಅಮ್ಮಾ," ಎಂದ ಗಂಟೆಮಾವ. "ಅವಸರ ಇಲ್ಲ."

ಮೂವರನ್ನೂ ಗಾಜಿನ ಗೋಡೆಯ ಪಕ್ಕ ಕೂರಿಸಿದರು. ಗಾಜಿನಾಚೆ ಕಪ್ಪು ಬೀರುಗಳು ಸಾಲುಸಾಲಾಗಿ ನಿಂತಿದ್ದವು. ಅವುಗಳ ಮೈಮೇಲೆ ಪುಟ್ಟ ಹಸಿರು ದೀಪಗಳು ಯಾರೋ ಕಣ್ಣು ಮಿಟುಕಿಸಿದಂತೆ ಆಗಾಗ ಮಿಟುಕುತ್ತಿದ್ದವು. ಒಂದೇ ಶ್ರುತಿಯ ಗುಂಯ್ ಎನ್ನುವ ದನಿ ನೆಲದೊಳಗಿಂದ ಎದ್ದು ಕುರ್ಚಿಯ ಕಾಲಿಗೆ, ಅಲ್ಲಿಂದ ಬೆನ್ನಿಗೆ ಹತ್ತುತ್ತಿತ್ತು. ಗಂಟೆ ಬಾರಿಸಿ, ಅದರ ಸದ್ದು ಮುಗಿದ ಮೇಲೆ ಕೈಗೆ ಮಾತ್ರ ತಿಳಿಯುವ ನಡುಕ ಇರುತ್ತದಲ್ಲ, ಹಾಗೆ. ಭಾವ ಕೋಪ ಮಾಡಿಕೊಂಡಿರಲು ಬಹಳ ಪ್ರಯತ್ನಪಟ್ಟು ಹತ್ತು ನಿಮಿಷದಲ್ಲಿ ನಿದ್ದೆಹೋದ. ಮೇಷ್ಟ್ರು ಅವನ ಹೆಗಲಿಗೆ ಒರಗಿದರು. ಗಂಟೆಮಾವನ ಕಣ್ಣೂ ಮುಚ್ಚಿತು. ಅವನ ಗಂಟೆಗಳು ಗಾಳಿಯಲ್ಲಿ ಒಂದರ ಹಿಂದೆ ಒಂದು ತೇಲಿ ಹೋಗುತ್ತಿದ್ದವು. ಒಂದಕ್ಕೆ ರೆಕ್ಕೆಯಿತ್ತು. ಒಂದರೊಳಗೆ ಚಂಡಮಾರುತ ಮುದುಡಿ ಮಲಗಿತ್ತು. ಯಾವುದರ ನಾಲಗೆಗೂ ಬಟ್ಟೆಯಿರಲಿಲ್ಲ.

ಎಬ್ಬಿಸಿದಾಗ ಮಧ್ಯಾಹ್ನ ಇಳಿದಿತ್ತು. ಮೂರು ಗಂಟೆಯಲ್ಲಿ ಮೂರು ಸಾವಿರ ಗಂಟೆ ಮುಗಿದಿದೆ ಎಂದು ಆ ಹೆಣ್ಣುಮಗಳು ಹೇಳಿದಾಗ ಭಾವ ಅದನ್ನು ಅರ್ಥ ಮಾಡಿಕೊಳ್ಳಲು ಹೋಗಲಿಲ್ಲ. ಪರದೆಯ ಮೇಲೆ ಒಂದು ಗಂಟೆಯಿತ್ತು. ಅದು ಮೊಗ್ಗಿನ ಹಾಗೆ ಉಬ್ಬುತ್ತಿತ್ತು, ಕುಗ್ಗುತ್ತಿತ್ತು, ಉಸಿರಾಡುತ್ತಿತ್ತು. ಗಂಟೆ ಹೀಗೆ ಉಸಿರಾಡುತ್ತದೆಂದು ಗಂಟೆಮಾವ ಬೆರಳ ತುದಿಯಲ್ಲಿ ಬಲ್ಲವನು, ಕಣ್ಣಲ್ಲಿ ಕಂಡದ್ದು ಅದೇ ಮೊದಲು. ನಾಲ್ಕು ಸಾವಿರದಲ್ಲಿ ಇದೊಂದು ಜಗಳವಾಡುವುದಿಲ್ಲ, ಸೊಂಟ ಎರಡು ನೂಲು ತೆಳು, ತುಟಿ ಒಂದು ನೂಲು ದಪ್ಪ ಆಗಬೇಕು ಅಷ್ಟೆ ಎಂದು ಹೇಳಿ ಅವಳು ಅವನ ಕಿವಿಗೆ ಹೆಡ್‌ಫೋನ್ ಇಟ್ಟಳು.

ಅವನು ಕೇಳಿದ. ಮೇಷ್ಟ್ರು, ಏನು ಕೇಳಿಸ್ತು ಎಂದು ಎರಡು ಸಲ ಕೇಳಿದರು. ಅವನು ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟು, "ಇದನ್ನ ಯಾರೂ ಎರೆದಿಲ್ಲ ಅಲ್ವಾ?" ಎಂದ.

"ಇನ್ನೂ ಇಲ್ಲ ಸರ್. ನಮ್ಮ ಲೆಕ್ಕ ಸರಿಯೋ ತಪ್ಪೋ ಅಂತ ಗೊತ್ತಾಗೋದು ನೀವು ಎರೆದ ಮೇಲೇ."

ದಾರಿಯಲ್ಲಿ ಭಾವನ ಬಾಯಿ ಮತ್ತೆ ಮೊದಲಿನಂತಾಯಿತು. ಆರ್ಡರೂ ಇಲ್ಲ ಏನೂ ಇಲ್ಲ, ಬೀದಿಯವರ ಮುಂದೆ ಮುಖ ಎತ್ತುವಂತಿಲ್ಲ, ನಾಳೆ ಬೆಳಗ್ಗೆಯೇ ಬಂದು ಗೇಟಲ್ಲಿ ಕೂರಬೇಕು ಎಂದ. ಗಂಟೆಮಾವ ಎದುರಾಡಲಿಲ್ಲ.

"ಬರ್ತೀನಿ ಭಾವ. ಮಾತು ಕೊಡ್ತೀನಿ. ಒಂದು ಗಂಟೆ ಮುಗಿಸಿಕೊಂಡು ಬರ್ಲಾ?"

"ಒಂದು ಗಂಟೆ ತಾನೇ, ಧಾರಾಳವಾಗಿ ಮುಗಿಸಿಕೊಂಡು ಬಾ."

ಮಾರನೆಯ ದಿನ ಭಾವ ತಾನೇ ಗೇಟಲ್ಲಿ ಕೂತು ಕಾದ. ಹತ್ತಾಯಿತು, ಹನ್ನೆರಡಾಯಿತು. ಗಾಡಿಗಳು ಬಂದವು, ಬಜರನ್ನು ತಾನೇ ಒತ್ತಿದ. ಮೂರನೆಯ ದಿನ ತಡೆಯಲಾರದೆ ಬಂದು ನೋಡಿದರೆ ಗಂಟೆಮಾವ ಮೊಣಕೈವರೆಗೆ ಕೆಸರು ಮಾಡಿಕೊಂಡು ಅಚ್ಚಿನ ಮುಂದೆ ಕೂತಿದ್ದ. ಒಂದು ಗಂಟೆ ಅಂದಿದ್ದೆಯಲ್ಲೋ ಎಂದು ಭಾವ ಗದರಿದ್ದಕ್ಕೆ, ಹೌದು ಭಾವ, ಒಂದೇ, ಇನ್ನೂ ಮಣ್ಣು ಆರಿಲ್ಲ ಎಂದ.

ಭಾವ ಸಾಕ್ಷಿಗೆಂದು ಮೇಷ್ಟ್ರನ್ನು ಕರೆಸಿದ. ಕರೆಸಬಾರದಿತ್ತು. ಮೂರು ದಿನದಿಂದ ಬೀದಿಯಲ್ಲಿ ತಲೆ ತಗ್ಗಿಸಿ ನಡೆಯಬೇಕಾಗಿ ಬಂದಿದ್ದ ಮೇಷ್ಟ್ರು ಆ ಗಳಿಗೆಗೇ ಕಾಯುತ್ತಿದ್ದವರಂತೆ ಗಂಟಲು ಸರಿಮಾಡಿಕೊಂಡರು. "ಗಂಟೆ ಅನ್ನೋ ಮಾತಿಗೆ ಎರಡು ಅರ್ಥ ಇದೆ ಅಂತ ಆವತ್ತೇ ನಮಗೆ ತೋರಿಸಿಕೊಟ್ಟರು. ಯಾವ ಗಂಟೆ ಅಂತ ನೀವು ಕೇಳಬೇಕಿತ್ತು. ಕೇಳಲಿಲ್ಲ. ಧಾರಾಳವಾಗಿ ಅಂದ್ರಿ."

"ಇರಲಿ ಬಿಡಣ್ಣ," ಎಂದಳು ತಂಗಿ, ಮಣ್ಣು ಸೋಸುತ್ತ. "ಒಂದು ಗಂಟೆ ಮುಗೀಲಿ, ನಾನೇ ಕಳಿಸಿಕೊಡ್ತೀನಿ."

ಮಣ್ಣು ಆರಿತು. ಕಂಚು ಸಾಲದೆ ಮನೆಯಲ್ಲಿದ್ದ ಹನ್ನೊಂದು ಗಂಟೆಗಳನ್ನೂ ಒಡೆದು ಮೂಸೆಗೆ ಹಾಕಿದ. ಹೆಂಡತಿ ತಡೆಯಲಿಲ್ಲ. ಎರೆದು, ಎರಡು ದಿನ ತಣಿಯಲು ಬಿಟ್ಟು, ಅಚ್ಚು ಒಡೆಯುವ ಬೆಳಗ್ಗೆ ಬೀದಿಯವರೆಲ್ಲ ಬಂದರು. ಬಟ್ಟೆ ಹರಿದವರಿಗೆ ಒಂದನ್ನಾದರೂ ನೋಡುವ ಹಕ್ಕಿದೆಯಲ್ಲ. ಭಾವ ವ್ಯಾನನ್ನು ಬಾಗಿಲಿಗೇ ತಂದು ನಿಲ್ಲಿಸಿ, ಇವತ್ತು ಮಾತ್ರ ಯಾವ ಅರ್ಥಕ್ಕೂ ಬಗ್ಗುವುದಿಲ್ಲ ಎಂದು ಹೇಳಿಕೊಂಡೇ ಒಳಗೆ ಬಂದ.

ಗಂಟೆಮಾವ ಅಚ್ಚು ಒಡೆದು, ಕೆರೆದು, ಉಜ್ಜಿ, ಗಂಟೆಯನ್ನು ತೊಲೆಗೆ ಕಟ್ಟಿದ. ಒಮ್ಮೆ ಬಾರಿಸಿದ.

ಒಂದೇ ದನಿ. ಅದು ಯಾರನ್ನೂ ಬೆಚ್ಚಿಸಲಿಲ್ಲ. ಆಗಲೇ ಅಲ್ಲಿ ಇದ್ದದ್ದು ಈಗ ಕೇಳಿಸತೊಡಗಿತು ಎಂಬಂತೆ ಬಂತು. ಗೋಡೆಯ ಹತ್ತಿರ ಹೋಗಿ, ಜನರ ಭುಜಗಳ ನಡುವೆ ದಾರಿ ಮಾಡಿಕೊಂಡು, ಬಾಗಿಲಾಚೆ ಹೋಯಿತು. ಮುಗಿಯಿತು ಎನ್ನುವಾಗ 'ಇಲ್ಲ, ಇದ್ದೇನೆ' ಎಂದಿತು. ಬೀಗದವನು ಬಾಯಿ ತೆರೆದವನು ಹಾಗೇ ಉಳಿದ. ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಗಂಟೆಯ ಸದ್ದಿಗೆ ಸಿಟ್ಟಾಗುವ ಭಾವ ಮರಳಿನ ಗುಡ್ಡೆಯ ಮೇಲೆ, ಬಟ್ಟೆ ಕೊಳೆಯಾಗುವುದನ್ನೂ ನೋಡದೆ, ಕೂತುಬಿಟ್ಟಿದ್ದ. ಕಣ್ಣು ಮುಚ್ಚಿತ್ತು, ತಲೆ ಒಂದು ಪಕ್ಕಕ್ಕೆ ವಾಲಿತ್ತು. ಹೊರಗೆ ವ್ಯಾನಿನ ಹಿಂದೆ ಸಿಕ್ಕಿಕೊಂಡ ಯಾವುದೋ ಗಾಡಿ ಹಾರ್ನ್ ಹೊಡೆಯಿತು. ಅವನು ಕೈ ಎತ್ತಿ ಸುಮ್ಮನಿರುವಂತೆ ಅದಕ್ಕೆ ಸನ್ನೆ ಮಾಡಿದ.

ಗಂಟೆಮಾವ ಮಾತಿಗೆ ತಪ್ಪುವವನಲ್ಲ. ಕೈ ತೊಳೆದುಕೊಂಡು, ತಲೆ ಬಾಚಿಕೊಂಡು, ಬೇರೆ ಅಂಗಿ ಹಾಕಿಕೊಂಡು ಬಂದ. ಎಲ್ಲರೂ ಇದ್ದಲ್ಲೇ ಇದ್ದರು. ಅವನು ಮರಳಿನ ಗುಡ್ಡೆಯ ಹತ್ತಿರ ಹೋಗಿ ಮೆಲ್ಲಗೆ ಬಗ್ಗಿದ.

"ಒಂದು ಗಂಟೆ ಮುಗೀತು ಭಾವ," ಎಂದ. "ಏಳಿ, ಹೊರಡೋಣ."